ಕೊಂಬಣ್ಣನ ತಿದ್ದುಪಡಿ

ಮೂರನೇ ಮಹಡಿಯ ಟೈಲರಮ್ಮನ ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿಕೊಂಡಾಗ ಆಕೆ ಕಟ್ಟಡದವರ ಗ್ರೂಪಿಗೆ ಒಂದು ಸಾಲು ಬರೆದು ಹಾಕಿದಳು: ‘ಅಡಿಗೆಮನೆಲಿ ಬೆಂಕಿ ಬೇಗ ಬನ್ನಿ.’ ಮೊದಲು ಬಂದದ್ದು ನೀರಲ್ಲ, ನಾಲ್ಕನೇ ಮಹಡಿಯ ಕೊಂಬಣ್ಣನ ಉತ್ತರ: ‘ಮನೆಲಿ ಅಲ್ಲ, ಮನೆಯಲ್ಲಿ. ಸಪ್ತಮೀ ವಿಭಕ್ತಿ. ಬೆಂಕಿ ಆದ ಮೇಲೆ ಪೂರ್ಣವಿರಾಮ ಅಗತ್ಯ.’

ಅದನ್ನು ಕಳಿಸಿದ ಮರುಗಳಿಗೆಯೇ ಅವನು ಬಕೆಟ್ಟು ಹಿಡಿದು ಮೆಟ್ಟಿಲಿಳಿದು ಓಡಿದ್ದು ನಿಜ. ಎಲ್ಲರಿಗಿಂತ ಹೆಚ್ಚು ನೀರು ಹೊತ್ತವನು ಅವನೇ ಎಂಬುದೂ ನಿಜ. ಆದರೆ ಜನರ ನೆನಪು ವಿಚಿತ್ರವಾದದ್ದು. ಅದರಲ್ಲಿ ನೀರು ನಿಲ್ಲಲಿಲ್ಲ, ವಿಭಕ್ತಿ ನಿಂತಿತು.

“ಬೆಂಕಿಗೆ ಪೂರ್ಣವಿರಾಮ ಹಾಕೋಕೆ ನೀರು ಬೇಕು ಸ್ವಾಮಿ, ಚುಕ್ಕಿ ಅಲ್ಲ,” ಎಂದ ವಾಚ್‌ಮನ್. ಟೈಲರಮ್ಮ ಆಮೇಲೆ ಬಹಳ ದಿನ ಕೊಂಬಣ್ಣನ ಅಂಗಿಗೆ ಗುಂಡಿ ಹಾಕಿಕೊಡಲಿಲ್ಲ.

ಕೊಂಬಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವನು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಬರವು ಹೋಗುವಿಕೆಯನ್ನು ಮೈಕಿನಲ್ಲಿ ಕೂಗುವ ನೌಕರ. ಗಾಜಿನ ಕೋಣೆ, ಒಂದು ಮೈಕು, ಒಂದು ಗಡಿಯಾರ, ಪಕ್ಕದ ಕುರ್ಚಿಯಲ್ಲಿ ಸದಾ ಹಲ್ಲು ಚುಚ್ಚಿಕೊಳ್ಳುವ ಕಂಟ್ರೋಲರ್. ಒಮ್ಮೆ ಡಿಪೋದ ಮೆಕ್ಯಾನಿಕ್ಕು ಕೆಟ್ಟ ಬಸ್ಸಿನ ಮೇಲೆ ‘ದರಸ್ತಿಯಲ್ಲಿದೆ’ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದ. ನಮ್ಮವನು ಕೆಳಗಿಳಿದು ಹೋಗಿ, “ದಕಾರಕ್ಕೆ ಕೊಂಬು ಇಲ್ಲವಲ್ಲಪ್ಪ,” ಎಂದ. ಬಸ್ಸಿನಡಿ ಮಲಗಿದ್ದ ಮೆಕ್ಯಾನಿಕ್ಕು ಗ್ರೀಸು ಮೆತ್ತಿದ ಮುಖ ಹೊರಗೆ ಹಾಕಿ, “ದಕಾರಕ್ಕಿಲ್ಲದಿದ್ರೆ ಏನಣ್ಣ, ನಿಮಗಿದೆಯಲ್ಲ!” ಎಂದುಬಿಟ್ಟ. ಅಂದಿನಿಂದ ಅವನು ಕೊಂಬಣ್ಣ. ಹೆಂಡತಿಯ ತವರಿನವರೂ ಹಾಗೆಯೇ ಕರೆಯತೊಡಗಿದಾಗ ಅವನು ಸೋತು ಒಪ್ಪಿಕೊಂಡ. ಒಪ್ಪಿಕೊಳ್ಳುವ ಮುನ್ನ ‘ಕೊಂಬು’ ಮತ್ತು ‘ಅಣ್ಣ’ ಸೇರಿದಾಗ ಉಕಾರ ಬಿದ್ದುಹೋಗುವುದರಿಂದ ಅದು ಲೋಪಸಂಧಿ ಎಂದು ಎಲ್ಲರಿಗೂ ವಿವರಿಸಿದ.

ಅವನ ಪಾಂಡಿತ್ಯಕ್ಕೆ ಆಧಾರ ಶಾಲೆಯ ಒಂದೇ ಒಂದು ವ್ಯಾಕರಣ ಪುಸ್ತಕ. ಅದರ ಕೊನೆಯ ಭಾಗವನ್ನು ಇಲಿ ತಿಂದಿತ್ತಾದ್ದರಿಂದ ಅವನು ಸಂಧಿಯಲ್ಲಿ ಹುಲಿ, ಸಮಾಸದಲ್ಲಿ ಮೌನಿ. ಮೊದಲು ಈ ವಿದ್ಯೆ ಮೈಕಿಗೂ ಹೆಂಡತಿಗೂ ಸೀಮಿತವಾಗಿತ್ತು. ಫೋನು ಬಂದಮೇಲೆ ಲೋಕವೆಲ್ಲ ತೆರೆದುಕೊಂಡಿತು. ಯಾರೋ ಇಬ್ಬರು ಅಪರಿಚಿತರು ಪ್ರಪಂಚದ ಭವಿಷ್ಯದ ಬಗ್ಗೆ ಕತ್ತಿ ಹಿರಿದು ಬರೆದಾಡುತ್ತಿದ್ದರೆ ಕೊಂಬಣ್ಣ ನಡುವೆ ನುಗ್ಗಿ ಇಬ್ಬರ ಕಾಗುಣಿತವನ್ನೂ ತಿದ್ದುತ್ತಿದ್ದ. ಕೂಡಲೇ ಅವರಿಬ್ಬರೂ ಒಂದಾಗಿ ಇವನನ್ನು ಬಯ್ಯುತ್ತಿದ್ದರು. ಹೀಗೆ ಅವನ ದೆಸೆಯಿಂದ ರಾಜಿಯಾದ ಜಗಳಗಳಿಗೆ ಲೆಕ್ಕವಿಲ್ಲ. ಮೇಲಿನ ಮನೆಯಾಕೆ ಕೆಲಸದವರು ಬೇಕೆಂದು ‘ಮನೆ ಹಾಳು ಬೇಕಾಗಿದ್ದಾರೆ’ ಎಂದು ಬರೆದಾಗ ಅವನು ಸದ್ಭಾವನೆಯಿಂದಲೇ ತಿದ್ದಿದ. ಕಟ್ಟಡವೆಲ್ಲ ನಕ್ಕಿತು. ಆಕೆ ನಗಲಿಲ್ಲ.

“ಅವರು ಏನ್ ಹೇಳ್ತಿದಾರೆ ಅಂತ ನೋಡ್ರೀ. ಹೇಗ್ ಹೇಳ್ತಿದಾರೆ ಅಂತ ಯಾಕ್ ನೋಡ್ತೀರಿ?” ಎಂದು ಹೆಂಡತಿ ಕೇಳುತ್ತಿದ್ದಳು.

“ಒಂದು ಅಕ್ಷರ ತಪ್ಪಿದ್ರೆ ಅರ್ಥಾನೇ ಕೆಡುತ್ತೆ ಕಣೇ.”

“ನೀವು ತಿದ್ದಿದಾಗಲೆಲ್ಲ ಮನುಷ್ಯರೇ ಕೆಡ್ತಿದಾರಲ್ಲ!”

ಆದರೆ ಕೊಂಬಣ್ಣನ ಅತ್ಯಂತ ಶ್ರದ್ಧೆಯ ಸೇವೆ ಸಲ್ಲುತ್ತಿದ್ದದ್ದು ನೆಂಟರ ಗ್ರೂಪಿನಲ್ಲಿ, ತನ್ನ ಸ್ವಂತ ಅಕ್ಕನಿಗೆ.

ಅಕ್ಕ ಇದ್ದದ್ದು ಬಸ್ಸಿನಲ್ಲಿ ಮೂರು ಗಂಟೆಯ ಹಾದಿಯ ಇನ್ನೊಂದು ಊರಿನಲ್ಲಿ. ಭಾವನದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಕ್ಕಳಿಲ್ಲ. ತಾಯಿ ಬೇಗ ತೀರಿಕೊಂಡದ್ದರಿಂದ ಅಕ್ಕ ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡವಳು. ಅವನ ಕೈ ಹಿಡಿದು ಸ್ಲೇಟಿನ ಮೇಲೆ ಮೊದಲ ಅಕ್ಷರ ತಿದ್ದಿಸಿದವಳೂ ಅವಳೇ. ಆಮೇಲೆ ಅಕ್ಷರಗಳೆಲ್ಲ ಅವನ ಕಡೆಗೆ ಹೋದವು, ಪಾತ್ರೆಗಳು ಇವಳ ಕಡೆಗೆ ಬಂದವು. ವಯಸ್ಸಾದ ಮೇಲೆ ಭಾವ ಒಂದು ಫೋನು ಕೊಡಿಸಿ, ಅಂಗಡಿ ಖಾಲಿ ಇದ್ದ ಮಧ್ಯಾಹ್ನಗಳಲ್ಲಿ ಪಕ್ಕ ಕೂರಿಸಿಕೊಂಡು ಟೈಪು ಮಾಡಲು ಕಲಿಸಿದರು. ಅಷ್ಟೇ. ಅಕ್ಕ ಶುರುಮಾಡಿದಳು.

‘ಹಿವತ್ತು ಕೊಳಾಯಿಲಿ ನೀರು ಬಂತು. ನಿನ್ನ ಬಾವ ಇಂದೆ ಕೂತು ಹಾಡು ಹೇಳುದ್ರು ಯಾರೂ ಕೇಳಲಿಲ್ಲ. ಬೆಕ್ಕು ಮರಿ ಆಕಿದೆ.’

ಕೊಂಬಣ್ಣ ಮೈಕು ಆರಿಸಿ ಬರೆಯುತ್ತಿದ್ದ: ‘ಹಿವತ್ತು ಅಲ್ಲ, ಇವತ್ತು. ಇಂದೆ ಅಲ್ಲ, ಹಿಂದೆ. ಆಕಿದೆ ಅಲ್ಲ, ಹಾಕಿದೆ. ಬೇಡದ ಕಡೆ ಬಳಸಿರುವ ಹಕಾರವನ್ನು ಬೇಕಾದ ಕಡೆಗೆ ಸಾಗಿಸಿದರೆ ಸಾಕು.’

ಅಕ್ಕನ ಉತ್ತರ ತಕ್ಷಣ ಬರುತ್ತಿತ್ತು: ‘ಹಾಯ್ತು ಕಣೋ.’

ದಿನವೂ ಬೆಳಿಗ್ಗೆ ಅವಳ ಮಂಡಿನೋವು, ಅವಳ ಕನಸು, ಎದುರಿನ ಬೇಕರಿಯವನ ಹೆಂಡತಿ ಮುನಿಸಿಕೊಂಡು ಹೋದದ್ದು, ಮತ್ತೆ ಬಂದದ್ದು. ದಿನವೂ ಇವನ ತಿದ್ದುಪಡಿ. ನೆಂಟರಿಗೆ ಇದೊಂದು ಪುಕ್ಕಟೆ ನಾಟಕ. ‘ಭಾವ’ ಸರಿಯೋ ‘ಬಾವ’ ಸರಿಯೋ ಎಂದು ಒಮ್ಮೆ ವಾದ ಹುಟ್ಟಿ, ಚಿಕ್ಕಪ್ಪ ಆತುರದಲ್ಲಿ ‘ಬಾವು’ ಎಂದು ಬರೆದು, ಎಲ್ಲಿ ಊದಿಕೊಂಡಿದೆ ಎಂದು ಯಾರೋ ಕೇಳಿ, ಕೊನೆಗೆ ಸ್ವತಃ ಭಾವನೇ ಬರೆದಿದ್ದರು: ‘ಹೇಗಾದರೂ ಬರೆಯಿರಿ, ಊಟಕ್ಕೆ ಕರೆದಾಗ ಬರುತ್ತೇನೆ.’

ಅಂಥ ಭಾವನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ನಿನ ದಿನ ಬೆಳಿಗ್ಗೆ ನೆಂಟರೆಲ್ಲ ಫೋನು ಹಿಡಿದು ಕೂತಿದ್ದರು. ಕೊಂಬಣ್ಣ ಗಾಜಿನ ಕೋಣೆಯಲ್ಲಿದ್ದ. ರಜೆ ಕೇಳಿದ್ದ, ಕಂಟ್ರೋಲರ್ ಕೊಟ್ಟಿರಲಿಲ್ಲ. ಒಂದು ಬಸ್ಸನ್ನು ಕಳಿಸಿ ಇನ್ನೊಂದನ್ನು ಕರೆಯುವ ನಡುವೆ ಫೋನು ಮಿಣುಕಿತು. ಅಕ್ಕ ಬರೆದಿದ್ದಳು:

‘ಆಪರೇಶನ್ ಎಲ್ಲಾ ಮುಗೀತು. ಬಾವ ನಿಧಾನ ಆಗಿದಾರೆ. ನಾಳೆ ಮನೆಗೆ ತರ್ತಾರೆ.’

ಕೊಂಬಣ್ಣನ ಕಣ್ಣು ಅರ್ಥದ ಕಡೆ ಹೋಗುವ ಮೊದಲೇ ಬೆರಳು ಕೆಲಸಕ್ಕೆ ಇಳಿಯಿತು. ಅದು ಅವನ ದೋಷವಲ್ಲ, ಅಭ್ಯಾಸ. ‘ಅಕ್ಕ, ನಿಧಾನ ಎಂದರೆ ಮೆಲ್ಲಗೆ ಎಂದರ್ಥ. ನೀನು ಬರೆಯಬೇಕಾದದ್ದು ನಿಧನ. ಧಕಾರಕ್ಕೆ ದೀರ್ಘ ಇಲ್ಲ. ಜೊತೆಗೆ ನಿಧನ ಆಗಿದಾರೆ ಎಂಬುದು ಅಶುದ್ಧ. ನಿಧನರಾಗಿದ್ದಾರೆ ಎಂಬುದು ಶುದ್ಧರೂಪ.’ ಕಳಿಸಿದ. ಮೈಕು ಹಚ್ಚಿದ.

“ಪ್ರಯಾಣಿಕರ ಗಮನಕ್ಕೆ. ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ. ದಯವಿಟ್ಟು ನೂಕುನುಗ್ಗಲು ಮಾಡದೆ ನಿಧಾನವಾಗಿ... ನಿಧಾ...”

ಆಗ ಅರ್ಥವಾಯಿತು.

“ಅಯ್ಯೋ ಭಾವಾ!”

ನಿಲ್ದಾಣದ ಎಲ್ಲ ಧ್ವನಿವರ್ಧಕಗಳಲ್ಲೂ ಆ ಕೂಗು ಒಟ್ಟಿಗೆ ಕೇಳಿಸಿತು. ಪಾರಿವಾಳಗಳು ಹಾರಿದವು. ಒಬ್ಬ ಮುದುಕಿ ಗಂಟು ಹೊತ್ತುಕೊಂಡು ಗಾಜಿನ ಕಿಂಡಿಗೆ ಬಂದು, “ಸ್ವಾಮಿ, ಆ ಅಯ್ಯೋಭಾವದ ಬಸ್ಸು ಎಷ್ಟನೇ ಅಂಕಣದ್ದು?” ಎಂದು ಕೇಳಿದಳು. ಕಂಟ್ರೋಲರ್ ಜೀವಮಾನದಲ್ಲಿ ಮೊದಲ ಬಾರಿಗೆ ಹಲ್ಲು ಚುಚ್ಚುವುದನ್ನು ನಿಲ್ಲಿಸಿದ.

“ಏನಾಯ್ತ್ರೀ?”

“ಭಾವ ಹೋಗ್ಬಿಟ್ರು ಸಾರ್...”

“ಯಾವ ಬಸ್ಸಲ್ಲಿ?”

ಕೊಂಬಣ್ಣ ಅಕ್ಕನಿಗೆ ಮತ್ತೆ ಮತ್ತೆ ಫೋನು ಮಾಡಿದ. ಅವಳು ಎತ್ತಲಿಲ್ಲ. ವಾರ್ಡಿನಲ್ಲಿ ನರ್ಸು ಗದರಿಸಿದ್ದಕ್ಕೆ ಅವಳು ಫೋನಿನ ದನಿ ಅಡಗಿಸಿ ಸೆರಗಿನೊಳಗೆ ಸೇರಿಸಿದ್ದು ಇವನಿಗೆ ಹೇಗೆ ಗೊತ್ತಾಗಬೇಕು? ಗಂಡನನ್ನು ಕಳೆದುಕೊಂಡವಳು ಫೋನು ಎತ್ತುವುದುಂಟೇ ಎಂದುಕೊಂಡ. ಗ್ರೂಪಿನಲ್ಲಿ ಆಗಲೇ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ‘ಆತ್ಮಕ್ಕೆ ಶಾಂತಿ ಸಿಗಲಿ.’ ‘ಎಂಥ ಮನುಷ್ಯ, ನನ್ನ ಕನ್ನಡಕಕ್ಕೆ ಕಾಸು ತಗೊಂಡಿರಲಿಲ್ಲ.’ ಯಾರೋ ಒಬ್ಬರಿಗೆ ಅನುಮಾನ ಬಂದಿತ್ತು: ‘ನಿಜವೇ?’ ಅದಕ್ಕೆ ಚಿಕ್ಕಪ್ಪನ ಉತ್ತರ: ‘ಕೊಂಬಣ್ಣನೇ ತಿದ್ದಿದ್ದಾನೆ ಎಂದ ಮೇಲೆ ಸರಿಯಾಗಿಯೇ ಇರುತ್ತದೆ.’

ಮಧ್ಯಾಹ್ನದ ಹೊತ್ತಿಗೆ ಎರಡು ವ್ಯಾನು ತುಂಬ ನೆಂಟರು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಇಳಿದರು. ಮುಂದಾಳು ಚಿಕ್ಕಪ್ಪ, ಅವರ ತೋಳಿನಲ್ಲಿ ಆಳೆತ್ತರದ ಹಾರ. ಪಕ್ಕದಲ್ಲಿ ಮೂಗು ಒರೆಸಿಕೊಳ್ಳುತ್ತ ಚಿಕ್ಕಮ್ಮ. ಹೆಂಡತಿಯ ಭುಜ ಹಿಡಿದುಕೊಂಡು ಕೊಂಬಣ್ಣ. ಎಲ್ಲರೂ ನೇರವಾಗಿ ಶವಾಗಾರಕ್ಕೆ ಹೋದರು.

ಅಲ್ಲಿಯ ಕಾವಲಿನವನು ಪುಸ್ತಕ ನೋಡಿ ತಲೆಯಾಡಿಸಿದ. “ನಿಮ್ಮೋರು ಇಲ್ಲಿಗೆ ಬಂದಿಲ್ಲ.”

“ಸರಿಯಾಗಿ ನೋಡಪ್ಪ. ಬೆಳಿಗ್ಗೇನೇ ಬಂದಿರ್ಬೇಕು. ಕನ್ನಡಕದ ಅಂಗಡಿಯೋರು,” ಎಂದರು ಚಿಕ್ಕಪ್ಪ.

“ಬಂದಿಲ್ಲ ಅಂದ್ರೆ ಬಂದಿಲ್ಲ.”

“ಬಂದು ಹೋಗಿರಬಹುದಾ?”

“ಇಲ್ಲಿಗೆ ಬಂದೋರು ಎದ್ದು ಹೋಗಲ್ಲ ಸ್ವಾಮಿ.”

“ಏನು ಬೇಜವಾಬ್ದಾರಿ! ಒಂದು ಹೆಣ ನೋಡ್ಕೊಳೋಕೆ ಆಗಲ್ವಾ ನಿಮಗೆ?” ಎಂದು ಚಿಕ್ಕಮ್ಮ ಅಬ್ಬರಿಸಿದಳು. ಕಾವಲಿನವನು ಕೈಮುಗಿದು, ವಾರ್ಡಿನಲ್ಲಿ ಒಮ್ಮೆ ವಿಚಾರಿಸಿ ಎಂದು ಬೇಡಿಕೊಂಡ. ಮೆರವಣಿಗೆ ಮಹಡಿ ಹತ್ತಿತು.

ವಾರ್ಡಿನ ಕೊನೆಯ ಮಂಚದಲ್ಲಿ ಭಾವ ದಿಂಬಿಗೆ ಒರಗಿಕೊಂಡು ಕೂತಿದ್ದರು. ಮುಖ ಬಿಳಿಚಿತ್ತು, ಮೂಗಿನಲ್ಲಿ ನಳಿಕೆ ಇತ್ತು. ಪಕ್ಕದಲ್ಲಿ ಅಕ್ಕ ಒದ್ದೆ ಹತ್ತಿಯಿಂದ ಅವರ ತುಟಿ ಒರೆಸುತ್ತಿದ್ದಳು. ಬಾಗಿಲಲ್ಲಿ ಮೊದಲು ಹಾರ ಕಾಣಿಸಿತು, ಅದರ ಹಿಂದೆ ಚಿಕ್ಕಪ್ಪ, ಅವರ ಹಿಂದೆ ಅಳಲು ಬಾಯಿ ತೆರೆದುಕೊಂಡ ಇಡೀ ವಂಶ. ಎಲ್ಲರೂ ನಿಂತಲ್ಲೇ ನಿಂತರು. ತೆರೆದ ಬಾಯಿಗಳು ಹಾಗೇ ಇದ್ದವು.

“ಏನಿದು, ನನಗೆ ಸನ್ಮಾನವಾ?” ಎಂದರು ಭಾವ, ಮೆಲ್ಲಗೆ.

ಚಿಕ್ಕಪ್ಪ ಹಾರವನ್ನು ಬೆನ್ನ ಹಿಂದೆ ಬಚ್ಚಿಡಲು ಹೋದರು. ಅದು ಬಚ್ಚಿಡುವ ಅಳತೆಯದಾಗಿರಲಿಲ್ಲ. ನಿಜಸಂಗತಿ ತೊದಲುತ್ತ ಹೊರಬಂತು. ಭಾವ ಫೋನು ಇಸಿದುಕೊಂಡು ತಾವು ಸತ್ತ ಸುದ್ದಿಯನ್ನೂ ಅದಕ್ಕೆ ಬಂದ ಸಂತಾಪಗಳನ್ನೂ ಒಂದೊಂದಾಗಿ ಓದಿದರು. ಓದುತ್ತ ಓದುತ್ತ ನಗು ಬಂತು. ನಕ್ಕರೆ ಹೊಲಿಗೆ ನೋಯುತ್ತಿತ್ತು. ಹೊಟ್ಟೆ ಒತ್ತಿ ಹಿಡಿದುಕೊಂಡೇ ನಕ್ಕರು.

“ಒಂದೇ ಒಂದು ದೀರ್ಘ ಕಿತ್ತು ನನ್ನ ಆಯುಸ್ಸೇ ತೆಗೆದುಬಿಟ್ಟೆಯಲ್ಲೋ ಕೊಂಬಣ್ಣ! ಆ ಕನ್ನಡಕ ನಾನೇ ಮಾಡಿಕೊಟ್ಟಿದ್ದು ನಿನಗೆ. ಪವರ್ ಎಲ್ಲೋ ತಪ್ಪಿದೆ. ಅಕ್ಷರ ಮಾತ್ರ ಕಾಣ್ತಾ ಇದೆ.”

ಎಲ್ಲರೂ ನಕ್ಕರು. ಉಸಿರು ಬಿಟ್ಟು ನಕ್ಕರು. ಆಮೇಲೆ, ಹೆದರಿದ ಜನ ಸಾಮಾನ್ಯವಾಗಿ ಮಾಡುವಂತೆ, ಬಯ್ಯಲು ಒಬ್ಬರನ್ನು ಹುಡುಕಿದರು.

“ಅಲ್ಲ ಕಣೇ,” ಎಂದು ಚಿಕ್ಕಮ್ಮ ಅಕ್ಕನ ಕಡೆ ತಿರುಗಿದಳು, “ಎಲ್ಲಾ ಮುಗೀತು ಅಂತ ಬರೀತಾರಾ ಯಾರಾದ್ರೂ? ಮನೆಗೆ ತರ್ತಾರೆ ಅಂದ್ರೆ ಏನರ್ಥ? ಬದುಕಿರೋರನ್ನ ಕರ್ಕೊಂಡು ಬರ್ತಾರೆ, ತರಲ್ಲ. ಬರೆಯೋಕೆ ಬರದಿದ್ರೆ ಯಾಕಮ್ಮ ಬರೀಬೇಕು? ದಾರಿಯುದ್ದಕ್ಕೂ ನನ್ನ ಎದೆ ಒಡೆದುಹೋಯ್ತು.”

ಅಕ್ಕ ತಮ್ಮನ ಮುಖ ನೋಡಿದಳು. ಭಾವ ಮೆಲ್ಲಗೆ ಚೇತರಿಸಿಕೊಳ್ಳುತ್ತಿದ್ದಾರೆ ಎಂಬ ಅರ್ಥದಲ್ಲಿ ನಿಧಾನ ಎಂದು ಅವಳು ಬರೆದದ್ದು ಸರಿಯಾಗಿತ್ತು. ಇಷ್ಟು ವರ್ಷ ಬರೆದುದರಲ್ಲಿ ಅದೊಂದು ಪದವನ್ನು ಅವಳು ದೀರ್ಘ, ಮಹಾಪ್ರಾಣ ಯಾವುದೂ ತಪ್ಪದೆ ಬರೆದಿದ್ದಳು. ಅದನ್ನು ಹೇಳಬಲ್ಲವನು ಆ ಕೋಣೆಯಲ್ಲಿ ಒಬ್ಬನೇ ಇದ್ದ.

ಕೊಂಬಣ್ಣ ಗಂಟಲು ಸರಿಮಾಡಿಕೊಂಡ. “ವಾಕ್ಯರಚನೆ ಸ್ವಲ್ಪ ಅಸ್ಪಷ್ಟವಾಗಿತ್ತು,” ಎಂದ.

“ಹೌದು ಕಣೋ,” ಎಂದಳು ಅಕ್ಕ. “ನಾನು ಓದಿದ್ದು ನಾಲ್ಕನೇ ಕ್ಲಾಸು. ನಂದೇ ತಪ್ಪು.” ಹತ್ತಿಯನ್ನು ಬಟ್ಟಲಿಗೆ ಹಾಕಿ ಕೈ ಒರೆಸಿಕೊಂಡಳು. ಅಷ್ಟರಲ್ಲಿ ನರ್ಸು ಬಂದು ಎಲ್ಲರನ್ನೂ ಹಾರಸಮೇತ ಹೊರಗೆ ಅಟ್ಟಿದಳು.

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಅಕ್ಕನ ಸಾಲು ಇರಲಿಲ್ಲ. ಆಸ್ಪತ್ರೆಯ ಓಡಾಟ ಎಂದುಕೊಂಡರು. ಭಾವ ಮನೆಗೆ ಬಂದ ಮೇಲೂ ಇರಲಿಲ್ಲ. ಬೆಕ್ಕಿನ ಮರಿಗಳು ಏನಾದವೋ ತಿಳಿಯಲಿಲ್ಲ. ಬೇಕರಿಯವನ ಹೆಂಡತಿ ಮನೆಯಲ್ಲಿದ್ದಾಳೋ ಇಲ್ಲವೋ, ಗೊತ್ತಾಗಲಿಲ್ಲ. ಗ್ರೂಪಿನಲ್ಲಿ ಬರೀ ಹೂವಿನ ಚಿತ್ರಗಳೂ ಶುಭೋದಯಗಳೂ ಬಂದು ಬೀಳುತ್ತಿದ್ದವು. ಎಲ್ಲೆಲ್ಲಿಂದಲೋ ಸುತ್ತಿ ಬಂದ ಶುಭೋದಯಗಳು. ಒಂದರಲ್ಲೂ ಕಾಗುಣಿತದ ತಪ್ಪಿರಲಿಲ್ಲ. ಕೊಂಬಣ್ಣನಿಗೆ ಕೆಲಸವೇ ಇಲ್ಲದಂತಾಯಿತು.

ಅವನೇ ಬರೆದ: ‘ಅಕ್ಕ, ಹೇಗಿದ್ದೀಯ?’

ಬಹಳ ಹೊತ್ತಾದ ಮೇಲೆ ಉತ್ತರ ಬಂತು. ಮಾತಲ್ಲ. ಒಂದು ಹೆಬ್ಬೆರಳಿನ ಚಿತ್ರ.

‘ಭಾವ ಊಟ ಮಾಡುತ್ತಿದ್ದಾರಾ?’ ಹೆಬ್ಬೆರಳು.

‘ನಿನ್ನ ಮಂಡಿನೋವು?’ ಹೆಬ್ಬೆರಳು.

“ನೋಡಿದ್ರಾ,” ಎಂದಳು ಹೆಂಡತಿ, ಅವನ ಭುಜದ ಮೇಲಿಂದ ಫೋನು ನೋಡುತ್ತ. “ಅಕ್ಷರ ಕಲಿತವಳನ್ನ ಹೆಬ್ಬೆಟ್ಟು ಒತ್ತೋ ಹಾಗೆ ಮಾಡಿಟ್ರಿ.”

ಕೊಂಬಣ್ಣ ಒಂದೆರಡು ಬಾರಿ ಫೋನಿನಲ್ಲಿ ಮಾತಾಡಿದ. ಅಕ್ಕ ಚೆನ್ನಾಗಿಯೇ ಮಾತಾಡಿದಳು. ಬಾಯಿಮಾತಿಗೂ ಬರೆದ ಮಾತಿಗೂ ವ್ಯತ್ಯಾಸವಿತ್ತು. ಬರೆಯುವಾಗ ಅವಳು ಯಾರೂ ಕೇಳದ್ದನ್ನು ಹೇಳುತ್ತಿದ್ದಳು, ಫೋನಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಏನನ್ನು ಕೇಳಬೇಕೆಂದು ಇವನಿಗೆ ಹೊಳೆಯಲಿಲ್ಲ. ಒಮ್ಮೆ ಹೋಗಿ ಬರಬೇಕು, ಎಲ್ಲರೆದುರಿಗೆ ಅಲ್ಲದಿದ್ದರೂ ಅವಳೊಬ್ಬಳೆದುರಿಗಾದರೂ ಹೇಳಬೇಕು ಎಂದುಕೊಂಡ. ಬಸ್ಸುಗಳನ್ನು ಊರೂರಿಗೆ ಕಳಿಸುವವನಿಗೆ ತಾನೊಂದು ಬಸ್ಸು ಹತ್ತಲು ಪುರಸೊತ್ತಾಗಲಿಲ್ಲ.

ಗಡ್ಡೆ ಮತ್ತೆ ಬಂದಿತ್ತು. ಭಾವ ಅಂಗಡಿಯ ಬಾಗಿಲು ಅರ್ಧ ತೆರೆದು, ಮಸೂರ ಉಜ್ಜುವುದನ್ನು ಬಿಟ್ಟು, ಬರೀ ಚೌಕಟ್ಟಿನ ತಿರುಪು ಬಿಗಿ ಮಾಡಿ ಕಳಿಸುವಷ್ಟಕ್ಕೆ ಇಳಿದಿದ್ದರು. ಆಮೇಲೆ ಅದೂ ನಿಂತಿತು. ಇದು ಯಾವುದೂ ನೆಂಟರಿಗೆ ತಿಳಿಯಲಿಲ್ಲ. ಭಾವ ಹೇಗಿದ್ದಾರೆ ಎಂದರೆ ಹೆಬ್ಬೆರಳು ಬರುತ್ತಿತ್ತು.

ಒಂದು ದಿನ ಕೊಂಬಣ್ಣ ಕೆಲಸ ಮುಗಿಸಿ ಮೈಕಿನ ಮೇಲೆ ಬಟ್ಟೆ ಹೊದಿಸುತ್ತಿದ್ದಾಗ ವಿಚಾರಣೆ ಕಿಂಡಿಯ ಫೋನು ಬಡಿದುಕೊಂಡಿತು. ಎತ್ತಿದ ಕಂಟ್ರೋಲರ್ ಏನನ್ನೋ ಕೇಳಿಸಿಕೊಂಡು, ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಕಸದ ಬುಟ್ಟಿಗೆ ಹಾಕಿದ. “ನಿಮ್ಮ ಅಕ್ಕನ ಮನೆ ಎದುರಿನ ಬೇಕರಿಯೋರಂತೆ. ಮಾತಾಡಿ,” ಎಂದ. ಈ ಸಲ ಯಾವ ಬಸ್ಸು ಎಂದು ಅವನು ಕೇಳಲಿಲ್ಲ.

ಕೊಂಬಣ್ಣ ಹೋಗಿ ಸೇರಿದಾಗ ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಒಳಗಿನ ಕೋಣೆಯಲ್ಲಿ ಭಾವನನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಗಾಜಿನ ಕಪಾಟಿನ ತುಂಬ ಯಾರೂ ಹಾಕಿಕೊಳ್ಳದ ಕನ್ನಡಕಗಳು. ಬೇಕರಿಯವನ ಹೆಂಡತಿ ಅಕ್ಕನ ಪಕ್ಕ ನಿಂತು ಬೆನ್ನು ಸವರುತ್ತಿದ್ದಳು.

“ಯಾಕಕ್ಕ ಹೇಳಲಿಲ್ಲ ನನಗೆ?”

“ಬೆಳಿಗ್ಗೆ ಫೋನ್ ಮಾಡಿದೆ ಕಣೋ. ನೀನು ಎತ್ತಲಿಲ್ಲ. ಮೈಕಲ್ಲಿದ್ದೆ ಅನ್ಸುತ್ತೆ.” ಅಕ್ಕ ಮಡಿಲಲ್ಲಿದ್ದ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಬರೆದು ಹಾಕೋಣ ಅಂತ ಕೂತೆ. ಯಾವುದು ಬರೆದ್ರೆ ಸತ್ತ ಹಾಗೆ, ಯಾವುದು ಬರೆದ್ರೆ ಬದುಕಿದ ಹಾಗೆ ಅಂತ ಗೊತ್ತಾಗ್ಲಿಲ್ಲ. ನಿನ್ನ ಭಾವನ್ನ ಕೇಳೋಣ ಅಂದ್ರೆ...” ಒಳಗಿನ ಕೋಣೆಯ ಕಡೆ ನೋಡಿದಳು. “ಮತ್ತೆ ತಪ್ಪಾದ್ರೆ ಜನ ಅಷ್ಟು ದೂರದಿಂದ ಸುಮ್ಮನೆ ಬರ್ತಾರೆ, ನಾನು ಬೈಸ್ಕೋಬೇಕಲ್ಲ ಅಂತ ಬಿಟ್ಟೆ.”

ಕೊಂಬಣ್ಣ ಅವಳ ಕಾಲ ಬಳಿ ನೆಲದ ಮೇಲೆ ಕೂತ. “ಅವತ್ತು ನೀನು ಬರೆದದ್ದೇ ಸರಿ ಇತ್ತಕ್ಕ. ತಪ್ಪು ಮಾಡಿದ್ದು ನಾನು.”

“ಹೌದಾ?” ಎಂದಳು ಅಕ್ಕ. ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. “ಅವರೂ ಹಾಗೇ ಅಂದ್ರು. ನೀನು ಹೇಳಿದ್ಮೇಲೆ ತಪ್ಪೇ ಇರುತ್ತೆ ಅಂತ ನಾನು ಅಂದೆ.” ಫೋನನ್ನು ಪಕ್ಕಕ್ಕಿಟ್ಟು, “ನೀನೇ ಬರೆದು ಹಾಕೋ ಈಗ. ಜನ ಬರ್ಬೇಕಲ್ಲ,” ಎಂದಳು.

ಕೊಂಬಣ್ಣ ಬರೆದ: ‘ಭಾವ ಇಂದು ಬೆಳಿಗ್ಗೆ ನಿಧನರಾದರು.’

ಮೊದಲು ಬಂದದ್ದು ನಗುವ ಮುಖ. ಅದರ ಹಿಂದೆ ಇನ್ನೂ ಹಲವು, ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳು. ‘ಮತ್ತೊಮ್ಮೆಯೇ?’ ‘ಭಾವನಿಗೆ ಹೇಳಿ, ಈ ಸಲ ಬಿಸ್ಕತ್ತು ತರುತ್ತೇವೆ.’ ‘ಕೊಂಬಣ್ಣ ತಮಾಷೆ ಮಾಡುವುದನ್ನೂ ಕಲಿತ!’ ಆ ಹಳೆಯ ಕಥೆ ನೆಂಟರೊಳಗೆ ಇಷ್ಟು ದಿನ ಚೆನ್ನಾಗಿ ಓಡಿತ್ತು. ಪ್ರತಿ ಮನೆಯ ಊಟದಲ್ಲೂ ಅದೊಂದು ಉಪ್ಪಿನಕಾಯಿ. ಕೊಂಬಣ್ಣ ‘ಇದು ನಿಜ’ ಎಂದು ಬರೆದ. ಅದಕ್ಕೆ ಇನ್ನೂ ಜೋರು ನಗು.

ಅವನು ಎದ್ದು ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ನಿಂತು ಒಬ್ಬೊಬ್ಬರಿಗೇ ಫೋನು ಮಾಡತೊಡಗಿದ. ಅಭ್ಯಾಸಬಲದಿಂದ ದನಿ ಗಟ್ಟಿಯಾಗಿಯೂ ಸ್ಪಷ್ಟವಾಗಿಯೂ ಬಂತು, ಬಸ್ಸು ಹೊರಡುವುದನ್ನು ಹೇಳಿದ ಹಾಗೆ. ಅದಕ್ಕೇ ಯಾರೂ ನಂಬಲಿಲ್ಲ.

“ಲೋ, ಸತ್ತವರ ಸುದ್ದಿ ಹೇಳೋ ದನೀನಾ ಅದು?” ಎಂದರು ಚಿಕ್ಕಪ್ಪ. “ಹೋದ ಸಲದ ಹಾರ ಆಸ್ಪತ್ರೆ ಹಸು ತಿಂತು. ಈಗ ಸರಿಯಾಗಿ ಹೇಳು, ದೀರ್ಘ ಇದೆಯೋ ಇಲ್ವೋ?”

“ಇಲ್ಲ ಚಿಕ್ಕಪ್ಪ.”

“ಖಂಡಿತಾ?”

“ದೀರ್ಘ ಇಲ್ಲ ಚಿಕ್ಕಪ್ಪ... ಈ ಸಲ ದೀರ್ಘ ಇಲ್ಲ...” ಎನ್ನುವಷ್ಟರಲ್ಲಿ ದನಿ ಒಡೆಯಿತು. ನಿಲ್ದಾಣದ ಗದ್ದಲವನ್ನೆಲ್ಲ ಮೀರಿ ಕೇಳಿಸುತ್ತಿದ್ದ ದನಿ ರಸ್ತೆಯಲ್ಲಿ ಪುಟ್ಟ ಮಗುವಿನ ಹಾಗೆ ಅತ್ತಿತು. ಆ ಕಡೆ ಚಿಕ್ಕಪ್ಪ, “ಬಂದೆ ಕಣಪ್ಪ,” ಎಂದು ಫೋನಿಟ್ಟರು.

ಬಂದರು. ಎಲ್ಲರೂ ಬರಲಿಲ್ಲ, ಕೆಲವರು ಕೊನೆಯವರೆಗೂ ಅನುಮಾನದಲ್ಲೇ ಉಳಿದು, ಎಲ್ಲ ಆದಮೇಲೆ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಚಿಕ್ಕಪ್ಪ ಈ ಸಲ ಬರಿಗೈಯಲ್ಲಿ ಬಂದಿದ್ದರು. ಹಾರ ತರಲು ಧೈರ್ಯ ಬರಲಿಲ್ಲವೆಂದರು. ಚಿಕ್ಕಮ್ಮ ಅಕ್ಕನನ್ನು ತಬ್ಬಿಕೊಂಡು ಏನೇನೋ ಹೇಳಿದಳು. ಅಕ್ಕ ಅವಳನ್ನೇ ಸಮಾಧಾನ ಮಾಡಿದಳು.

ಅಕ್ಕ ಮತ್ತೆ ಗ್ರೂಪಿನಲ್ಲಿ ಬರೆಯಲಿಲ್ಲ. ಬರೆ ಎಂದು ಕೊಂಬಣ್ಣ ಹೇಳಿದ, ಅವನ ಹೆಂಡತಿ ಹೇಳಿದಳು, ಕೊನೆಗೆ ಚಿಕ್ಕಮ್ಮನೂ ಹೇಳಿದಳು. “ಕಲಿಸಿದೋರೇ ಇಲ್ಲ, ಬಿಡಿ,” ಎಂದುಬಿಟ್ಟಳು. ಅವಳು ಊರು ಬಿಟ್ಟು ಬರಲೂ ಒಪ್ಪಲಿಲ್ಲ. ಹಾಗಾಗಿ ಕೊಂಬಣ್ಣನೇ ವಾರದ ರಜೆಯ ದಿನ ಬಸ್ಸು ಹತ್ತತೊಡಗಿದ. ಲೋಕದ ವಾದವಿವಾದಗಳು ಅವನಿಲ್ಲದೆಯೇ, ನಾನಾ ಕಾಗುಣಿತಗಳಲ್ಲಿ, ಸುಗಮವಾಗಿ ಸಾಗುತ್ತಿದ್ದವು. ಅವನ ಕೊರತೆ ಯಾರಿಗೂ ಕಾಣಲಿಲ್ಲ ಎಂಬುದನ್ನು ದುಃಖದಿಂದ ಹೇಳಬೇಕಾಗಿದೆ. ಟೈಲರಮ್ಮ ಮಾತ್ರ ಒಂದು ದಿನ ಮೆಟ್ಟಿಲಲ್ಲಿ ತಡೆದು, “ಏನ್ ಮೈಗೆ ಹುಷಾರಿಲ್ವಾ? ಈಗ ಯಾರನ್ನೂ ಬೈಯ್ತಾನೇ ಇಲ್ವಲ್ಲ,” ಎಂದು, ಅವನ ಅಂಗಿಯ ಬಿದ್ದುಹೋದ ಗುಂಡಿಯನ್ನು ನೋಡಿ, ಅಂಗಿ ಬಿಚ್ಚಿ ಕೊಡಲು ಹೇಳಿದಳು.

ಅಂಥದೊಂದು ರಜೆಯ ದಿನ ಮಧ್ಯಾಹ್ನ ಅವನು ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದ. ಅಂಗಡಿಯನ್ನು ಬೇಕರಿಯವನು ಸಾಮಾನು ಇಡಲು ಬಾಡಿಗೆಗೆ ತೆಗೆದುಕೊಂಡಿದ್ದ. ಗೋಡೆಯ ಆ ಕಡೆ ಅವನು ಹಿಟ್ಟಿನ ಚೀಲ ಎಳೆಯುವ ಸದ್ದು ಕೇಳುತ್ತಿತ್ತು. ಅಕ್ಕ ಟೀ ಸೋಸಿ ಲೋಟ ಅವನ ಮುಂದಿಟ್ಟಳು. ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತಳು.

“ಆ ಸಕ್ಕರೆ ಡಬ್ಬ ತೆಗೆದು ಮೇಲಿನ ಹಲಗೇಲಿ ಇಡೋ,” ಎಂದಳು. “ಕೆಳಗಿದ್ರೆ ನಿನ್ನ ಭಾವ ಸುಮ್ನಿರಲ್ಲ. ನಾನು ಆ ಕಡೆ ತಿರುಗಿದ ತಕ್ಷಣ ಇನ್ನೊಂದು ಚಮಚ ಹಾಕ್ಕೊಂಡ್ಬಿಡ್ತಾರೆ.”

ಕ್ರಿಯಾಪದ ವರ್ತಮಾನಕಾಲದಲ್ಲಿತ್ತು. ಸುಮ್ನಿರ್ತಿರಲಿಲ್ಲ, ಹಾಕ್ಕೊಂಡ್ಬಿಡ್ತಿದ್ರು. ಹಾಗಿರಬೇಕಿತ್ತು. ಕೊಂಬಣ್ಣನ ಕಿವಿ ಅದನ್ನು ಹಿಡಿಯಿತು. ಹಳೆಯ ಕಾಯಿಲೆ, ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಅವನು ಎದ್ದು ಡಬ್ಬವನ್ನು ಮೇಲಿನ ಹಲಗೆಯ ಮೇಲೆ, ಕೈಗೆ ಎಟುಕದಂತೆ ಗೋಡೆಯ ತನಕ ಹಿಂದಕ್ಕೆ ಸರಿಸಿ ಇಟ್ಟ.

“ಅಲ್ಲಿಟ್ರೂ ಬಿಡಲ್ಲ ಅಕ್ಕ,” ಎಂದ. “ಭಾವ ಸ್ಟೂಲು ಹಾಕ್ಕೊಂಡು ಹತ್ತುತಾರೆ.”